‘ಇದು ಸ್ಟೀರಾಯ್ಡ್ ಅಲ್ಲ’ ಎನ್ನುವ ಜಿಮ್ ಟ್ರೈನರ್‌ಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಟ್ರೈನರ್‌ಗಳೇ,

ಈ ಪತ್ರವನ್ನು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಬಹುದಿತ್ತು. ಆನ್‌ಲೈನ್‌ನಲ್ಲಿ ಬಾಟಲಿ ಮಾರುವವರಿಗೂ ಬರೆಯಬಹುದಿತ್ತು. ಆದರೆ ಅಧಿಕಾರಿಗಳ ಎಚ್ಚರಿಕೆಯನ್ನು ಹತ್ತೊಂಬತ್ತರ ಹುಡುಗ ಓದುವುದಿಲ್ಲ. ಮಾರುವವರು ಮಾರುವುದನ್ನು ಬಿಡುವುದಿಲ್ಲ. ಜಿಮ್‌ಗೆ ಬರುವ ಹುಡುಗರು ಮನಸ್ಸಿಟ್ಟು ಕೇಳುವುದು ನಿಮ್ಮ ಮಾತನ್ನು. ಮನೆಯವರು ಹೇಳಿದ್ದು, ಡಾಕ್ಟರ್ ಹೇಳಿದ್ದು ಎಲ್ಲವನ್ನೂ ನಿಮ್ಮ ಹತ್ತಿರ ತಂದು, ‘ಸರ್, ಹೌದಾ?’ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ವಿಷಯ ಸಾರ್ಮ್ಸ್, ಅಂದರೆ ದೇಹದಲ್ಲಿ ಟೆಸ್ಟೋಸ್ಟೆರಾನ್‌ನಂತೆ ಕೆಲಸ ಮಾಡಿ ಮಾಂಸಖಂಡ ಬೆಳೆಸುತ್ತವೆ ಎಂದು ಮಾರುವ ಔಷಧಿಗಳು. ಆಸ್ಟರಿನ್, ಲಿಗ್ಯಾಂಡ್ರಾಲ್, ಆರ್‌ಎಡಿ-140, ಎಸ್-23, ವೈಕೆ-11. ಇವುಗಳ ಜೊತೆಗೇ ಕಾರ್ಡರಿನ್ ಮತ್ತು ಎಂಕೆ-677 ಕೂಡ ಮಾರಾಟವಾಗುತ್ತವೆ. ಇವೆರಡೂ ಸಾರ್ಮ್ಸ್ ಅಲ್ಲವೇ ಅಲ್ಲ, ಆದರೂ ಅದೇ ಪಟ್ಟಿಯಲ್ಲಿ ಇರುತ್ತವೆ. ಇವನ್ನೆಲ್ಲ ಹುಡುಗರ ಕೈಗೆ ತಲುಪಿಸುವುದು ಒಂದೇ ಮಾತು: ‘ಇದು ಸ್ಟೀರಾಯ್ಡ್ ಅಲ್ಲ, ಸೇಫ್.’ ಈ ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ. ರಸಾಯನಶಾಸ್ತ್ರದ ಲೆಕ್ಕದಲ್ಲಿ, ವೈಕೆ-11 ಒಂದನ್ನು ಬಿಟ್ಟರೆ, ಈ ಸಾರ್ಮ್ಸ್ ಸ್ಟೀರಾಯ್ಡ್ ಜಾತಿಯವಲ್ಲ. ಎರಡನೇ ಅರ್ಧ ಮಾತ್ರ ಎಲ್ಲಿಂದ ಬಂತೋ ಗೊತ್ತಿಲ್ಲ. ಸ್ಟೀರಾಯ್ಡ್ ಅಲ್ಲ ಎಂದ ಮಾತ್ರಕ್ಕೆ ಸೇಫ್ ಆಗಬೇಕೆಂದೇನೂ ಇಲ್ಲ ಅಲ್ವಾ?

ಇವು ಹುಟ್ಟಿದ್ದು ಜಿಮ್‌ಗಾಗಿ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡಾಲ್ಟನ್ ಎಂಬ ವಿಜ್ಞಾನಿಯ ತಂಡ ಪ್ರಾಸ್ಟೇಟ್ ಕ್ಯಾನ್ಸರ್‌ನ ಒಂದು ಔಷಧಿಯ ಸುತ್ತ ಕೆಲಸ ಮಾಡುತ್ತಿತ್ತು. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಜೀವಕೋಶದಲ್ಲಿ ಹೋಗಿ ಕೂರುವ ಜಾಗವನ್ನು, ಅಂದರೆ ರಿಸೆಪ್ಟರ್ ಅನ್ನು, ಮುಚ್ಚುವುದು ಆ ಔಷಧಿಯ ಕೆಲಸ. ಅದೇ ಬಗೆಯ ಅಣುವನ್ನು ಸ್ವಲ್ಪ ಬದಲಿಸಿದಾಗ ಅದು ರಿಸೆಪ್ಟರ್ ಅನ್ನು ಮುಚ್ಚುವ ಬದಲು ಚುರುಕುಗೊಳಿಸುವುದು ಕಂಡಿತು. ಕ್ಯಾನ್ಸರ್‌ನಿಂದ ಸೊರಗಿದವರಿಗೆ, ವಯಸ್ಸಾಗಿ ಮಾಂಸಖಂಡ ಕರಗಿದವರಿಗೆ, ಮೂಳೆ ಸವೆದವರಿಗೆ ಇದು ಔಷಧಿಯಾಗಬಹುದು ಎಂದು ಎಲ್ಲರಿಗೂ ಆಸೆ ಹುಟ್ಟಿತು. ಒಳ್ಳೆಯ ಆಸೆಯೇ. ಇವತ್ತಿಗೂ ಸಂಶೋಧನೆ ನಡೆಯುತ್ತಿದೆ. ನನ್ನ ತಕರಾರು ಸಂಶೋಧನೆಯ ಬಗ್ಗೆ ಅಲ್ಲ.

ಆ ಪರೀಕ್ಷೆಗಳಲ್ಲಿ ಏನು ಸಿಕ್ಕಿತು ಎಂಬುದನ್ನು ಮಾರುವವರು ಪೂರ್ತಿ ಹೇಳುವುದಿಲ್ಲ. ಆಸ್ಟರಿನ್‌ನದೇ ತೆಗೆದುಕೊಳ್ಳಿ. ಆರೋಗ್ಯವಾಗಿದ್ದ 120 ಹಿರಿಯರ ಮೇಲೆ 12 ವಾರ ಪರೀಕ್ಷೆ ನಡೆಯಿತು. ದಿನಕ್ಕೆ 3 ಮಿಲಿಗ್ರಾಂ ತೆಗೆದುಕೊಂಡವರಿಗೆ ಕೊಬ್ಬಿಲ್ಲದ ತೂಕ ಸುಮಾರು 1.3 ಕಿಲೋ ಜಾಸ್ತಿಯಾಯಿತು. ಹೊಸದಾಗಿ ಜಿಮ್ ಸೇರಿದವನು ಸರಿಯಾಗಿ ಉಂಡು, ಮಲಗಿ, ನಿಮ್ಮ ಮಾತು ಕೇಳಿದರೆ ಮೂರು ತಿಂಗಳಲ್ಲಿ ಇಷ್ಟು ಗಳಿಸುವುದು ದೊಡ್ಡ ಮಾತಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಪರೀಕ್ಷೆಯಲ್ಲೇ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯಿತು. ಕೆಲವರ ಲಿವರ್ ಎನ್‌ಜೈಮ್ ಏರಿತು. ಮುಂದೆ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ಎರಡು ದೊಡ್ಡ ಪರೀಕ್ಷೆ ನಡೆದವು. ತೂಕ ಏರಿತು. ಆದರೆ ಮೆಟ್ಟಿಲು ಹತ್ತುವ ಶಕ್ತಿ ಹೆಚ್ಚಿತು ಎಂದು ಗಟ್ಟಿಯಾಗಿ ತೋರಿಸಲು ಆಗಲಿಲ್ಲ. ಒಪ್ಪಿಗೆ ಸಿಗಲಿಲ್ಲ. ಆಸ್ಟರಿನ್ ಒಂದೇ ಅಲ್ಲ, ಯಾವ ಸಾರ್ಮ್‌ಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ಬಾಟಲಿಯ ಮೇಲೆ ‘ಪ್ರಯೋಗಾಲಯದ ಬಳಕೆಗೆ ಮಾತ್ರ, ಮನುಷ್ಯರ ಸೇವನೆಗೆ ಅಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಇದಕ್ಕೇ. ಮಾರುವವನು ತನ್ನ ತಲೆ ತಪ್ಪಿಸಿಕೊಳ್ಳಲು ಬರೆದ ಸಾಲು ಅದು. ಅದೇ ಬಾಟಲಿಯ ಇನ್ನೊಂದು ಬದಿಯಲ್ಲಿ ದಿನಕ್ಕೆ ಎಷ್ಟು ತೊಟ್ಟು ಎಂದು ಅಳೆಯಲು ಡ್ರಾಪರ್ ಬೇರೆ ಕೊಟ್ಟಿರುತ್ತಾನೆ!

ಈಗ ಟೆಸ್ಟೋಸ್ಟೆರಾನ್ ಮಾತಿಗೆ ಬರೋಣ. ‘ಇದು ಮಾಂಸಖಂಡ, ಮೂಳೆಗೆ ಮಾತ್ರ ಕೆಲಸ ಮಾಡುತ್ತೆ, ಹಾರ್ಮೋನ್ ಮುಟ್ಟಲ್ಲ’ ಎಂದು ನಿಮ್ಮಲ್ಲಿ ಅನೇಕರು ನಂಬಿದ್ದೀರಿ. ನಂಬಿಯೇ ಹೇಳುತ್ತೀರಿ, ಮೋಸ ಮಾಡಬೇಕೆಂದು ಅಲ್ಲ. ಆದರೆ ಅದೇ ರಿಸೆಪ್ಟರ್ ಮಿದುಳಿನಲ್ಲೂ ಇದೆ. ದೇಹದಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂದು ಮಿದುಳು ಸದಾ ನೋಡುತ್ತಿರುತ್ತದೆ. ಸಾರ್ಮ್ ಬಂದು ಕೂತಾಗ ‘ಸಾಕಷ್ಟು ಇದೆ’ ಎಂದುಕೊಳ್ಳುತ್ತದೆ. ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಆದೇಶಗಳನ್ನು ಕಡಿಮೆ ಮಾಡುತ್ತದೆ. ಆದೇಶ ನಿಂತರೆ ಉತ್ಪಾದನೆಯೂ ನಿಲ್ಲುತ್ತದೆ. ಟೆಸ್ಟೋಸ್ಟೆರಾನ್ ಇಳಿಯುತ್ತದೆ, ವೀರ್ಯಾಣುಗಳ ಸಂಖ್ಯೆಯೂ ಇಳಿಯುತ್ತದೆ.

2013ರಲ್ಲಿ ಪ್ರಕಟವಾದ ಲಿಗ್ಯಾಂಡ್ರಾಲ್ ಪರೀಕ್ಷೆ ಇದನ್ನು ನೇರವಾಗಿ ತೋರಿಸಿತು. 76 ಆರೋಗ್ಯವಂತ ಗಂಡಸರು. 21 ದಿನ. ಅತಿ ಹೆಚ್ಚಿನ ಡೋಸ್ ಎಂದರೆ ದಿನಕ್ಕೆ 1 ಮಿಲಿಗ್ರಾಂ. ಅಷ್ಟಕ್ಕೇ ಟೆಸ್ಟೋಸ್ಟೆರಾನ್ ಇಳಿಯಿತು, ಎಚ್‌ಡಿಎಲ್ ಕೂಡ ಇಳಿಯಿತು. ನಿಲ್ಲಿಸಿದ ಮೇಲೆ ಎರಡೂ ಮೊದಲಿನ ಮಟ್ಟಕ್ಕೆ ಬಂದವು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಹುಡುಗರು ತೆಗೆದುಕೊಳ್ಳುವ ಲೆಕ್ಕ ನೋಡಿ. ದಿನಕ್ಕೆ 5 ಮಿಲಿಗ್ರಾಂ, 10 ಮಿಲಿಗ್ರಾಂ. ಎಂಟು ವಾರ, ಹನ್ನೆರಡು ವಾರ. ಅದರ ಮೇಲೆ ಇನ್ನೆರಡು ಬಾಟಲಿ ಸೇರಿಸಿ ಸ್ಟ್ಯಾಕ್. ಮೂರು ವಾರದ, ಹತ್ತನೇ ಒಂದು ಭಾಗದ ಡೋಸ್‌ನ ಪರೀಕ್ಷೆ ಹಿಡಿದುಕೊಂಡು ಇದಕ್ಕೆ ಧೈರ್ಯ ಹೇಳುವುದು ಹೇಗೆ?

ಎಸ್-23 ಕಥೆ ಇನ್ನೂ ವಿಚಿತ್ರ. ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಎಂದು ನೋಡಲು. ವೀರ್ಯಾಣು ಕಡಿಮೆ ಮಾಡುವುದೇ ಅಲ್ಲಿ ಗುರಿಯಾಗಿತ್ತು. ಅದನ್ನೇ ಜಿಮ್‌ಗಳಲ್ಲಿ ‘ಕಟಿಂಗ್‌ಗೆ ಬೆಸ್ಟ್’, ಅಂದರೆ ಕೊಬ್ಬು ಇಳಿಸಲು ಒಳ್ಳೆಯದು ಎಂದು ಕೊಡುತ್ತಾರೆ. ಮದುವೆಯಾಗಿ ಮಕ್ಕಳಿಗಾಗಿ ಕಾಯುತ್ತಿರುವವನಿಗೂ ಕೊಡುತ್ತಾರೆ. ಅವನಿಗೆ ಈ ಒಂದು ಸಾಲನ್ನಾದರೂ ಹೇಳಬೇಡವೇ?

‘ಸಾರ್ಮ್ಸ್ ಈಸ್ಟ್ರೋಜನ್ ಆಗಿ ಬದಲಾಗಲ್ಲ, ಎದೆ ಊದಲ್ಲ’ ಎನ್ನುವುದು ಇನ್ನೊಂದು ಹೆಗ್ಗಳಿಕೆ. ಬದಲಾಗುವುದಿಲ್ಲ, ನಿಜ. ಆದರೆ ಗಂಡಸರಿಗೂ ಸ್ವಲ್ಪ ಈಸ್ಟ್ರೋಜನ್ ಬೇಕು. ಮೂಳೆಗೆ ಬೇಕು, ಕಾಮಾಸಕ್ತಿಗೂ ಬೇಕು. ಅದು ಹುಟ್ಟುವುದು ನಮ್ಮದೇ ಟೆಸ್ಟೋಸ್ಟೆರಾನ್‌ನಿಂದ. ಟೆಸ್ಟೋಸ್ಟೆರಾನ್ ಇಳಿದರೆ ಈಸ್ಟ್ರೋಜನ್ ಕೂಡ ಇಳಿಯುತ್ತದೆ. ಸೈಕಲ್, ಅಂದರೆ ಬಾಟಲಿ ತೆಗೆದುಕೊಳ್ಳುವ ಆ ಕೆಲವು ವಾರಗಳ ಮಧ್ಯದಲ್ಲಿ ‘ಸರ್, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ’ ಎಂದು ಹುಡುಗ ಬಂದು ನಿಂತರೆ ಅವನ ಮನೋಬಲ ಕಡಿಮೆಯಾಯಿತು ಎಂದುಕೊಳ್ಳಬೇಡಿ.

ಲಿವರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಬೇರೆ ಅಡ್ಡಪರಿಣಾಮಗಳು ಸದ್ದಿಲ್ಲದೆ ಬರುತ್ತವೆ. ಇದು ಕಣ್ಣಿಗೆ ಕಾಣುವಂತೆ ಬರುತ್ತದೆ. ಆದರೂ ಜನ ತಪ್ಪು ತಿಳಿಯುತ್ತಾರೆ.

ಬಾಯಿಂದ ತೆಗೆದುಕೊಳ್ಳುವ ಹಳೆಯ ಸ್ಟೀರಾಯ್ಡ್‌ಗಳು ಲಿವರ್‌ಗೆ ಕೆಟ್ಟವು ಎಂಬುದು ನಿಮಗೆ ಗೊತ್ತು. ಲಿವರ್‌ನಲ್ಲಿ ಬೇಗ ಒಡೆದುಹೋಗದಂತೆ ಅವುಗಳ ರಚನೆಯಲ್ಲಿ ಒಂದು ಬದಲಾವಣೆ ಮಾಡಿರುತ್ತಾರೆ. ತೊಂದರೆಗೆ ಅದು ಮುಖ್ಯ ಕಾರಣ. ಸಾರ್ಮ್ಸ್‌ನಲ್ಲಿ ಆ ಬದಲಾವಣೆ ಇಲ್ಲ, ಹಾಗಾಗಿ ಲಿವರ್‌ಗೆ ಏನೂ ಆಗಲ್ಲ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಲಿವರ್ ಈ ವಾದ ಒಪ್ಪಲಿಲ್ಲ. ಲಿಗ್ಯಾಂಡ್ರಾಲ್, ಆರ್‌ಎಡಿ-140 ತೆಗೆದುಕೊಂಡ ಆರೋಗ್ಯವಂತ ಯುವಕರು ಕಾಮಾಲೆಯಾಗಿ ಆಸ್ಪತ್ರೆ ಸೇರಿದ ಪ್ರಕರಣಗಳನ್ನು ವೈದ್ಯರು ಒಂದರ ಮೇಲೊಂದು ದಾಖಲಿಸಿದ್ದಾರೆ. ಕಾಯಿಲೆಯ ಬಗೆಯೂ ಹೆಚ್ಚುಕಡಿಮೆ ಒಂದೇ. ಶುರು ಮಾಡಿ ಕೆಲವು ವಾರ ಆಗಿರುತ್ತದೆ. ಕೆಲವೊಮ್ಮೆ ಬಾಟಲಿ ಮುಗಿದೂ ಆಗಿರುತ್ತದೆ. ಮೊದಲು ಸುಸ್ತು, ಹಸಿವಿಲ್ಲ. ಆಮೇಲೆ ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆ ಬಾರದಷ್ಟು. ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ. ಕೊನೆಗೆ ಕಣ್ಣು ಹಳದಿಯಾಗುತ್ತದೆ. ಪಿತ್ತರಸ ಹರಿಯದೆ ಲಿವರ್‌ನಲ್ಲೇ ಕಟ್ಟಿಕೊಳ್ಳುವುದರಿಂದ ಹೀಗಾಗುತ್ತದೆ. ನಿಲ್ಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಅದಕ್ಕೆ ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಬೇಕು.

ತುರಿಕೆ ಬಂದರೆ ಬೆವರಿನ ಅಲರ್ಜಿ ಎನ್ನುತ್ತಾರೆ. ಮೂತ್ರ ಹಳದಿಯಾದರೆ ನೀರು ಕಡಿಮೆ ಕುಡಿದಿದ್ದೀಯ ಎನ್ನುತ್ತಾರೆ. ಈ ಎರಡು ಮಾತು ಎಷ್ಟು ಹುಡುಗರನ್ನು ಡಾಕ್ಟರ್ ಹತ್ತಿರ ಹೋಗದಂತೆ ತಡೆದಿವೆಯೋ!

ರಕ್ತಪರೀಕ್ಷೆಯ ಬಗ್ಗೆಯೂ ಒಂದು ಮಾತು. ‘ಭಾರ ಎತ್ತಿದರೆ ಎಎಲ್‌ಟಿ, ಎಎಸ್‌ಟಿ ಏರುತ್ತೆ, ತಲೆ ಕೆಡಿಸಿಕೊಳ್ಳಬೇಡ’ ಎಂದು ನೀವು ಹೇಳುತ್ತೀರಿ. ಇದು ತಪ್ಪಲ್ಲ. ಲಿವರ್ ಪರೀಕ್ಷೆಯಲ್ಲಿ ನೋಡುವ ಈ ಎನ್‌ಜೈಮ್‌ಗಳು ಮಾಂಸಖಂಡದಲ್ಲೂ ಇವೆ, ಕಠಿಣ ವ್ಯಾಯಾಮದಿಂದ ಏರುತ್ತವೆ. ಆದರೆ ಅದೇ ಪರೀಕ್ಷೆಯ ಬಿಲಿರುಬಿನ್ (ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡುವ ವಸ್ತು) ಮತ್ತು ಜಿಜಿಟಿ ಎಂಬ ಇನ್ನೊಂದು ಎನ್‌ಜೈಮ್ ವರ್ಕೌಟ್‌ನಿಂದ ಹಾಗೆ ಏರುವುದಿಲ್ಲ. ಸಾರ್ಮ್ಸ್‌ನಿಂದ ಆಗುವ ತೊಂದರೆಯಲ್ಲಿ ಬಿಲಿರುಬಿನ್ ಆಕಾಶ ಮುಟ್ಟಿದ್ದರೂ ಎಎಲ್‌ಟಿ ಸ್ವಲ್ಪವೇ ಏರಿರಬಹುದು. ಹಾಗಾಗಿ ಒಂದು ಸಂಖ್ಯೆ ನೋಡಿ ‘ಏನಿಲ್ಲ ಬಿಡು’ ಎನ್ನುವ ಕೆಲಸ ನಮ್ಮದಲ್ಲ. ರಿಪೋರ್ಟ್ ಓದುವುದನ್ನು ಡಾಕ್ಟರ್‌ಗೇ ಬಿಡೋಣ. ಇನ್ನು, ಸೈಕಲ್ ಜೊತೆಗೇ ‘ಲಿವರ್ ಸಪೋರ್ಟ್’ ಮಾತ್ರೆಯನ್ನೂ ಕೊಡುತ್ತಾರಲ್ಲ, ನನಗೆ ಅದು ಅರ್ಥವೇ ಆಗಿಲ್ಲ. ಲಿವರ್‌ಗೆ ಕಾವಲು ಇಟ್ಟು ತೆಗೆದುಕೊಳ್ಳಬೇಕಾದ ವಸ್ತು ಸೇಫ್ ಹೇಗಾಯಿತು?

‘ನಾನೇ ತಗೊಂಡಿದ್ದೀನಿ, ಏನೂ ಆಗಿಲ್ಲ’ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಲಿವರ್ ವಿಷಯದಲ್ಲಿ ಅದು ಸಾಧ್ಯ. ಯಾರಿಗೆ ತಾಗುತ್ತದೆ, ಯಾರಿಗೆ ತಾಗುವುದಿಲ್ಲ ಎಂದು ಮೊದಲೇ ಹೇಳಲು ಬರುವುದಿಲ್ಲ. ನಿಮಗೆ ತಾಗಲಿಲ್ಲ ಎಂದರೆ ನಿಮ್ಮ ಹತ್ತಿರ ಕಲಿಯುವವನಿಗೂ ತಾಗುವುದಿಲ್ಲ ಎಂದಲ್ಲ. ಟೆಸ್ಟೋಸ್ಟೆರಾನ್, ಎಚ್‌ಡಿಎಲ್ ವಿಷಯ ಮಾತ್ರ ಬೇರೆ. ಅವು ಅದೃಷ್ಟದ ಮಾತಲ್ಲ. ಈ ಔಷಧಿ ಕೆಲಸ ಮಾಡುವ ರೀತಿಯೇ ಅದು. ರಕ್ತ ಪರೀಕ್ಷೆ ಮಾಡಿಸದೆ ಏನೂ ಆಗಿಲ್ಲ ಎಂದು ಹೇಗೆ ಗೊತ್ತಾಗುತ್ತದೆ? ಎಚ್‌ಡಿಎಲ್ ಅರ್ಧಕ್ಕೆ ಇಳಿದರೂ ಕನ್ನಡಿಯಲ್ಲಿ ಕಾಣುವುದಿಲ್ಲ. ಎಫ್‌ಡಿಎ 2017ರ ಅಕ್ಟೋಬರ್‌ನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ ಲಿವರ್ ಜೊತೆಗೆ ಹೃದಯಾಘಾತ, ಪಾರ್ಶ್ವವಾಯುಗಳ ಹೆಸರೂ ಇತ್ತು. 2023ರಲ್ಲಿ ಮತ್ತೆ ಎಚ್ಚರಿಸಿದಾಗ ಅದು ಹದಿಹರೆಯದವರನ್ನೇ ಉದ್ದೇಶಿಸಿ ಮಾತಾಡಿತು. ಸೋಷಿಯಲ್ ಮೀಡಿಯಾದಲ್ಲಿ ಅವರಿಗೇ ಗುರಿಯಿಟ್ಟು ಜಾಹೀರಾತು ಬರುತ್ತಿವೆ ಎಂದಿತು. ನಿದ್ದೆಗೇಡು, ಭ್ರಮೆ, ಬಂಜೆತನದ ಅಪಾಯವನ್ನೂ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಹೇಳಿದ್ದು ಬಾಟಲಿಯಲ್ಲಿ ಬರೆದಿರುವುದೇ ಒಳಗೂ ಇದೆ ಎಂದುಕೊಂಡು. ಅದೂ ಖಾತ್ರಿ ಇಲ್ಲ. 2017ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸಾರ್ಮ್ಸ್ ಎಂದು ಆನ್‌ಲೈನ್‌ನಲ್ಲಿ ಮಾರುತ್ತಿದ್ದ 44 ಉತ್ಪನ್ನಗಳನ್ನು ಕೊಂಡು ಲ್ಯಾಬ್‌ನಲ್ಲಿ ಪರೀಕ್ಷಿಸಿದರು. ಸಾರ್ಮ್ ಇದ್ದದ್ದು 52 ಶೇಕಡಾದಲ್ಲಿ ಮಾತ್ರ. 39 ಶೇಕಡಾದಲ್ಲಿ ಒಪ್ಪಿಗೆಯಿಲ್ಲದ ಬೇರೆ ಔಷಧಿ ಇತ್ತು. ನಾಲ್ಕರಲ್ಲಿ ಒಂದು ಬಾಟಲಿಯಲ್ಲಿ ಲೇಬಲ್ಲಿನಲ್ಲಿ ಬರೆಯದ ವಸ್ತು ಇತ್ತು. 9 ಶೇಕಡಾದಲ್ಲಿ ಏನೂ ಇರಲಿಲ್ಲ. ಸುಮ್ನೆ ದುಡ್ಡು ಹೋಯಿತು ಅಷ್ಟೆ, ಆ ಗಿರಾಕಿಗಳೇ ಪುಣ್ಯವಂತರು. ಲೇಬಲ್ಲಿನಲ್ಲಿ ಹೇಳಿದಷ್ಟೇ ಪ್ರಮಾಣ ಇದ್ದದ್ದು 44ರಲ್ಲಿ 18ರಲ್ಲಿ. ನೀವು ಹುಡುಗನಿಗೆ ‘10 ಮಿಲಿಗ್ರಾಂ ತಗೋ’ ಎಂದಾಗ ಅವನ ಹೊಟ್ಟೆಗೆ ಹೋಗುತ್ತಿರುವುದು ಏನು, ಎಷ್ಟು ಎಂಬುದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ಹಾಗೆ ಬಂದು ಸೇರುವ ಬೇರೆ ಔಷಧಿಗಳಲ್ಲಿ ಕಾರ್ಡರಿನ್ ಒಂದು. ಸ್ಟ್ಯಾಮಿನಾ ಏರುತ್ತದೆ, ಕೊಬ್ಬು ಕರಗುತ್ತದೆ ಎಂದು ನೇರವಾಗಿಯೂ ಮಾರುತ್ತಾರೆ. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ಅದನ್ನು ಔಷಧಿಯಾಗಿ ಬೆಳೆಸುತ್ತಿತ್ತು. ಪ್ರಾಣಿಗಳಲ್ಲಿ ಹಲವು ಅಂಗಗಳಿಗೆ ಕ್ಯಾನ್ಸರ್ ಬಂದಿದ್ದು ಕಂಡು ಕೈಬಿಟ್ಟಿತು. ಇಷ್ಟು ಹಣ ಸುರಿದ ಕಂಪನಿಯೇ ಬೇಡ ಎಂದು ಬಿಟ್ಟ ವಸ್ತು ಅದು. 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಮೋಸ ಮಾಡಲು ಹೊರಟವರಿಗೂ ಸೇರಿಸಿ ಎಚ್ಚರಿಕೆ ಕೊಟ್ಟಿತು: ಇದು ಆರೋಗ್ಯಕ್ಕೇ ಅಪಾಯ, ಮುಟ್ಟಬೇಡಿ ಎಂದು. ನಿಯಮದ ಮಾತು ಬಿಟ್ಟು ಆ ಸಂಸ್ಥೆ ಹೀಗೆ ಆರೋಗ್ಯದ ಮಾತಾಡುವುದು ಅಪರೂಪ. ಎಂಕೆ-677 ಕೂಡ ಸಾಧು ಏನಲ್ಲ. ಬೆಳವಣಿಗೆಯ ಹಾರ್ಮೋನ್ ಹೆಚ್ಚಿಸುತ್ತದೆ, ಜೊತೆಗೆ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ, ದೇಹದಲ್ಲಿ ನೀರು ತುಂಬಿಸುತ್ತದೆ. ಸೊಂಟದ ಮೂಳೆ ಮುರಿದ ಹಿರಿಯರ ಮೇಲೆ ನಡೆಯುತ್ತಿದ್ದ ಒಂದು ಪರೀಕ್ಷೆಯನ್ನು ಹೃದಯ ವೈಫಲ್ಯದ ಆತಂಕದಿಂದ ಮಧ್ಯದಲ್ಲೇ ನಿಲ್ಲಿಸಿದರು.

ಹೆಣ್ಣುಮಕ್ಕಳಿಗೂ ಈಗೀಗ ‘ಲೇಡೀಸ್‌ಗೆ ಆಸ್ಟರಿನ್ ಪರವಾಗಿಲ್ಲ’ ಎನ್ನುತ್ತಾರೆ. ದನಿ ಗಡುಸಾಗುವುದು, ಮುಖದಲ್ಲಿ ಕೂದಲು ಬರುವುದು ಆಂಡ್ರೋಜನ್‌ನ, ಅಂದರೆ ಟೆಸ್ಟೋಸ್ಟೆರಾನ್ ಜಾತಿಯ ಹಾರ್ಮೋನ್‌ನ ಗುಣ; ಸಾರ್ಮ್ಸ್ ಮುಟ್ಟುವುದೂ ಅದೇ ರಿಸೆಪ್ಟರ್ ಅನ್ನು. ದನಿ ಒಮ್ಮೆ ಬದಲಾದರೆ ಹಿಂದಕ್ಕೆ ಬರದೆಯೂ ಇರಬಹುದು. ಗರ್ಭಿಣಿಯರಿಗೆ ಗರ್ಭಪಾತದ ಅಪಾಯವಿದೆ ಎಂದು ಎಫ್‌ಡಿಎ ಹೇಳಿದೆ.

ಇನ್ನು ಪಿಸಿಟಿ, ಅಂದರೆ ಪೋಸ್ಟ್ ಸೈಕಲ್ ಥೆರಪಿ. ಸೈಕಲ್ ಮುಗಿದ ಮೇಲೆ ಟೆಸ್ಟೋಸ್ಟೆರಾನ್ ಎಬ್ಬಿಸಲು ಟ್ಯಾಮೋಕ್ಸಿಫೆನ್, ಕ್ಲೋಮಿಫೀನ್ ಕೊಡುವುದು. ಟ್ಯಾಮೋಕ್ಸಿಫೆನ್ ಸ್ತನ ಕ್ಯಾನ್ಸರ್‌ಗೆ ಬಳಸುವ ಔಷಧಿ, ರಕ್ತ ಹೆಪ್ಪುಗಟ್ಟಿಸುವ ಅಪಾಯ ಅದಕ್ಕಿದೆ. ಕ್ಲೋಮಿಫೀನ್ ಬಂಜೆತನದ ಚಿಕಿತ್ಸೆಗೆ ಕೊಡುವಂಥದ್ದು, ಕೆಲವರಿಗೆ ದೃಷ್ಟಿ ಮಂಜಾಗುತ್ತದೆ. ಎರಡಕ್ಕೂ ಡಾಕ್ಟರ್ ಚೀಟಿ ಬೇಕು. ಹಾರ್ಮೋನ್ ಮುಟ್ಟುವುದೇ ಇಲ್ಲ ಎಂದು ಮಾರಿದ ವಸ್ತುವಿನ ಬಾಲಕ್ಕೇ ಹಾರ್ಮೋನ್ ಸರಿಮಾಡುವ ಮಾತ್ರೆ ಕಟ್ಟಿ ಕೊಡುತ್ತಿದ್ದೀರಿ. ಇದನ್ನು ಕೊಡುವಾಗ ನಿಮಗೆ ಒಮ್ಮೆಯೂ ಅನುಮಾನ ಬಂದಿಲ್ಲವೇ?

ಸ್ಪರ್ಧೆಗೆ ಹೋಗುವವರನ್ನು ತಯಾರು ಮಾಡುವ ಕೋಚ್‌ಗಳಿಗೆ ಒಂದು ವಿಷಯ ನೆನಪಿಸುತ್ತೇನೆ. ಸಾರ್ಮ್ಸ್ 2008ರಿಂದಲೇ ವಾಡಾ ನಿಷೇಧ ಪಟ್ಟಿಯಲ್ಲಿವೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಜೋಕಿಮ್ ನೋವಾ 2017ರಲ್ಲಿ ಲಿಗ್ಯಾಂಡ್ರಾಲ್ ಕಾರಣಕ್ಕೆ 20 ಪಂದ್ಯ ಕಳೆದುಕೊಂಡರು. ಕೆನಡಾದ ಕ್ಯಾನೋ ಚಾಂಪಿಯನ್ ಲಾರೆನ್ಸ್ ವಿನ್ಸೆಂಟ್ ಲಪಾಯಿಂಟ್ ಅವರ ಕಥೆ ಇನ್ನೂ ಕಷ್ಟದ್ದು. 2019ರಲ್ಲಿ ಅವರ ಮೂತ್ರದಲ್ಲಿ ಲಿಗ್ಯಾಂಡ್ರಾಲ್ ಸುಳಿವು ಸಿಕ್ಕಿತು. ಅವರು ಏನನ್ನೂ ತೆಗೆದುಕೊಂಡಿರಲಿಲ್ಲ. ಆಗಿನ ಗೆಳೆಯ ಬಳಸುತ್ತಿದ್ದ, ಅವನ ದೇಹದ ದ್ರವದಿಂದ ಅವರಿಗೆ ದಾಟಿತ್ತು ಎಂದು 2020ರಲ್ಲಿ ಒಪ್ಪಿ ಆರೋಪದಿಂದ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಒಂದು ವಿಶ್ವ ಚಾಂಪಿಯನ್‌ಶಿಪ್ ತಪ್ಪಿಹೋಗಿತ್ತು. ಈಗಿನ ಲ್ಯಾಬ್‌ಗಳು ಅಷ್ಟು ಸಣ್ಣ ಪ್ರಮಾಣವನ್ನೂ ಹಿಡಿಯುತ್ತವೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಸಂಬಳ ಕಡಿಮೆ. ಸಪ್ಲಿಮೆಂಟ್ ಕಮಿಷನ್ ಮೇಲೆ ತಿಂಗಳು ದೂಡುವವರಿದ್ದೀರಿ. ಮೂರು ತಿಂಗಳಲ್ಲಿ ಬಾಡಿ ಬರಲಿಲ್ಲ ಎಂದು ಹುಡುಗ ಬೇರೆ ಜಿಮ್‌ಗೆ ಹೋದರೆ ನಿಮಗೇ ನಷ್ಟ. ನೀವು ಕೊಡದಿದ್ದರೆ ಅವನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾನೆ ಎಂಬುದೂ ನಿಜ. ಆದರೆ ತಾನೇ ತರಿಸಿಕೊಳ್ಳುವವನಿಗೆ ಒಳಗೆಲ್ಲೋ ಒಂದು ಅಳುಕು ಇರುತ್ತದೆ. ನೀವು ಹೂಂ ಎಂದ ಮೇಲೆ ಅದೂ ಹೋಗುತ್ತದೆ. ಪ್ರೊಟೀನ್ ಪೌಡರ್, ಕ್ರಿಯಾಟಿನ್ ಮಾರಿ, ನನ್ನ ಅಡ್ಡಿಯಿಲ್ಲ. ಕ್ರಿಯಾಟಿನ್ ಮೇಲೆ ದಶಕಗಳ ಪರೀಕ್ಷೆಯಿದೆ. ಸಾರ್ಮ್ಸ್ ಅನ್ನು ಮಾತ್ರ ಆ ಕಪಾಟಿನಿಂದ ಇಳಿಸಿ. ಯಾರಾದರೂ ಕೇಳಿದರೆ ‘ಅದು ಸಪ್ಲಿಮೆಂಟ್ ಅಲ್ಲ, ಒಪ್ಪಿಗೆ ಸಿಗದ ಔಷಧಿ’ ಎಂದು ಹೇಳಿ. ಬಾಡಿ ಎಷ್ಟು ಬಂದರೂ ಕನ್ನಡಿ ಮುಂದೆ ‘ಇನ್ನೂ ಸಣ್ಣಗಿದ್ದೀನಿ ಸರ್’ ಎನ್ನುವವನು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಅವನಿಗೆ ಬೇಕಾಗಿರುವುದು ಬಾಟಲಿಯಲ್ಲ, ಕೂತು ಮಾತಾಡುವವರು.

ಈಗಾಗಲೇ ತೆಗೆದುಕೊಳ್ಳುತ್ತಿರುವವರನ್ನು ಬೈದು ಓಡಿಸಬೇಡಿ. ಬೈದರೆ ಮುಚ್ಚಿಡುತ್ತಾರೆ. ನಿಲ್ಲಿಸಲು ಹೇಳಿ, ಡಾಕ್ಟರ್ ಹತ್ತಿರ ಹೋಗಿ ಲಿವರ್, ಕೊಲೆಸ್ಟರಾಲ್, ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಲು ಹೇಳಿ. ತುರಿಕೆ, ಕಡು ಮೂತ್ರ, ಹಳದಿ ಕಣ್ಣು ಕಂಡರೆ ಅವತ್ತೇ ಹೋಗಬೇಕು. ಎದೆನೋವು, ಉಸಿರಾಟದ ಕಷ್ಟ ಇದ್ದರೆ ನೇರ ಎಮರ್ಜೆನ್ಸಿಗೆ. ಹುಡುಗರು ಡಾಕ್ಟರ್ ಮುಂದೆ ‘ಬರೀ ಪ್ರೊಟೀನ್ ತಗೋತೀನಿ’ ಎಂದುಬಿಡುತ್ತಾರೆ. ಡಾಕ್ಟರ್ ವೈರಲ್ ಹೆಪಟೈಟಿಸ್ ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ. ಹಾಗಾಗಿ ಬಾಟಲಿ ಎಸೆಯದೆ ಜೊತೆಗೆ ಕೊಂಡೊಯ್ಯಲಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಯಾವುದು, ಎಷ್ಟು ಡೋಸ್, ಎಷ್ಟು ವಾರ ಎಂಬುದು ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಇಂತಿ,
ನಿಮ್ಮಂತೆಯೇ ಭಾರ ಎತ್ತುವ ಒಬ್ಬ